ಒಂದು ಬೀಗ, ಎರಡು ಬಾಗಿಲು: ಜೈಂಟ್ಸ್ ಕೈಯಿಂದ ಬಾರ್ಕ್ಲಿ ಜಾರಿದ್ದು ಹೇಗೆ?

ಪ್ರಶ್ನೆ: ನ್ಯೂಜೆರ್ಸಿಗೆ ಬಂದು ಏಳು ವರ್ಷವಾಯಿತು. ಮಗನ ದೆಸೆಯಿಂದ ಅಮೆರಿಕನ್ ಫುಟ್‌ಬಾಲ್ ನೋಡುವುದು ರೂಢಿಯಾಗಿದೆ. ನಮ್ಮ ಮನೆಯ ತಂಡ ನ್ಯೂಯಾರ್ಕ್ ಜೈಂಟ್ಸ್. ಅವನಿಗೆ ಸೇಕ್ವಾನ್ ಬಾರ್ಕ್ಲಿಯ 26ನೇ ನಂಬರಿನ ಜೆರ್ಸಿ ಕೊಡಿಸಿದ್ದೆ. ಮರುವರ್ಷವೇ ಬಾರ್ಕ್ಲಿ ಫಿಲಡೆಲ್ಫಿಯಾಕ್ಕೆ ಹೋದ, ಹೋದ ಮೊದಲ ಸೀಸನ್ನಿನಲ್ಲೇ ಲೀಗಿನ ಫೈನಲ್ ಆದ ಸೂಪರ್ ಬೌಲ್ ಗೆದ್ದ. ಜೈಂಟ್ಸ್ ಏನು ಬಡ ತಂಡವಲ್ಲ. ಹಾಗಿದ್ದೂ ಇಂಥವನನ್ನು ಬಿಟ್ಟಿದ್ದೇಕೆ? ‘ಫ್ರೀ ಏಜೆಂಟ್’ ಎಂದರೆ ಪುಕ್ಕಟೆ ಸಿಗುವವನು ಎಂದೇ? ಈಗ ಮಗ ಹೊಸ ಜೆರ್ಸಿ ಕೇಳುತ್ತಿದ್ದಾನೆ. ಯಾರದು ಕೊಡಿಸಲಿ?

ಉತ್ತರ: ಜೆರ್ಸಿಯ ವಿಷಯಕ್ಕೆ ಕೊನೆಗೆ ಬರುತ್ತೇನೆ. ಅದಕ್ಕೂ ಲೆಕ್ಕ ಬೇಕು.

ಮೊದಲು ‘ಫ್ರೀ’ ಎಂಬ ಪದ. ಇಲ್ಲಿ ಅದರ ಅರ್ಥ ಪುಕ್ಕಟೆ ಅಲ್ಲ, ಬಿಡುಗಡೆ. ಈ ಆಟದ ಲೀಗ್ ಎನ್‌ಎಫ್‌ಎಲ್‌ನಲ್ಲಿ ನಾಲ್ಕು ಸೀಸನ್ ಪೂರೈಸಿ, ಕೈಯಲ್ಲಿದ್ದ ಕರಾರೂ ಮುಗಿದ ಆಟಗಾರ ಯಾವ ತಂಡದ ಜೊತೆ ಬೇಕಾದರೂ ಮಾತಾಡಬಹುದು. ಹಳೆಯ ತಂಡಕ್ಕೆ ಹೊಸ ತಂಡ ಒಂದು ಕಾಸೂ ಕೊಡಬೇಕಿಲ್ಲ. ಪುಕ್ಕಟೆ ಏನಾದರೂ ಇದ್ದರೆ ಅದಷ್ಟೇ. ಆಟಗಾರನಿಗೆ ಮಾತ್ರ ಮಾರುಕಟ್ಟೆಯ ಪೂರಾ ಬೆಲೆ ತೆರಬೇಕು.

ಈ ಬಿಡುಗಡೆ ಮಾಲೀಕರು ಖುಷಿಯಿಂದ ಕೊಟ್ಟದ್ದಲ್ಲ. 1992ರಲ್ಲಿ ಮಿನಿಯಾಪೊಲಿಸ್‌ನ ನ್ಯಾಯಾಲಯದಲ್ಲಿ ಜ್ಯೂರಿ ಆಟಗಾರರ ಪರ ನಿಂತ ಮೇಲೆ ಬಂದದ್ದು. ದಾವೆ ಹೂಡಿದವರಲ್ಲಿ ಮೊದಲ ಹೆಸರು ಫ್ರೀಮನ್ ಮೆಕ್‌ನೀಲ್, ನ್ಯೂಯಾರ್ಕ್ ಜೆಟ್ಸ್‌ನ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು. ಬಾರ್ಕ್ಲಿಯದೂ ಅದೇ ಕಸುಬು, ಅದೇ ಊರು. 1993ರಲ್ಲಿ ಬಾಗಿಲು ತೆರೆದಾಗ ಮೊದಲು ಹೊರಬಿದ್ದ ಮಹಾ ತಾರೆ ರೆಗಿ ವೈಟ್. ಅವನು ಬಿಟ್ಟುಹೋದ ತಂಡ ಯಾವುದು ಗೊತ್ತೆ? ಫಿಲಡೆಲ್ಫಿಯಾ ಈಗಲ್ಸ್. ಗ್ರೀನ್ ಬೇ ಪ್ಯಾಕರ್ಸ್ ನಾಲ್ಕು ವರ್ಷಕ್ಕೆ 1.7 ಕೋಟಿ ಡಾಲರ್ ಕೊಟ್ಟು ಕರೆದುಕೊಂಡಿತು, ಅವನ ಜೊತೆ ಸೂಪರ್ ಬೌಲನ್ನೂ ಗೆದ್ದಿತು. ಆವತ್ತು ಕೈ ಸುಟ್ಟುಕೊಂಡ ಊರು ಇವತ್ತು ಬೇರೆಯವರ ಮನೆಯ ದೀಪ ಎತ್ತಿಕೊಂಡು ಬಂದಿದೆ.

ಈ ಬಾಗಿಲು ತೆರೆದ 1993ರ ಒಪ್ಪಂದದಲ್ಲಿ ಮಾಲೀಕರು ತಮಗೂ ಎರಡು ಹಗ್ಗ ಇಟ್ಟುಕೊಂಡರು. ಒಂದು ಸ್ಯಾಲರಿ ಕ್ಯಾಪ್, ಇನ್ನೊಂದು ಫ್ರಾಂಚೈಸ್ ಟ್ಯಾಗ್. ಬಾರ್ಕ್ಲಿಯ ಕಥೆ ಇವೆರಡರ ನಡುವೆ ನಡೆದದ್ದು.

‘ಜೈಂಟ್ಸ್ ಬಡ ತಂಡವಲ್ಲ’ ಎಂದಿರಿ. ನಿಜ, ಆದರೆ ಇಲ್ಲಿ ಶ್ರೀಮಂತಿಕೆ ಉಪಯೋಗಕ್ಕೆ ಬರುವುದಿಲ್ಲ. ಆಟಗಾರರ ಮೇಲೆ ಒಂದು ವರ್ಷಕ್ಕೆ ಎಷ್ಟು ಲೆಕ್ಕ ಬರೆಯಬಹುದು ಎಂಬುದಕ್ಕೆ ಮೂವತ್ತೆರಡು ತಂಡಕ್ಕೂ ಒಂದೇ ಮಿತಿ. 2023ರಲ್ಲಿ 22.48 ಕೋಟಿ ಡಾಲರ್, 2024ರಲ್ಲಿ 25.54 ಕೋಟಿ. ಮದುವೆ ಮನೆಯ ಊಟದ ಎಲೆ ಇದ್ದ ಹಾಗೆ: ಒಳಗೆ ಎಷ್ಟೇ ಬೇಯಿಸಿದ್ದರೂ ಎಲೆಯ ಅಗಲ ಅಷ್ಟೇ. ಹೋಳಿಗೆಗೆ ಜಾಗ ಜಾಸ್ತಿ ಕೊಟ್ಟರೆ ಕೋಸಂಬರಿ ಅಂಚಿಗೆ ಸರಿಯಬೇಕು.

‘ಲೆಕ್ಕ ಬರೆಯುವುದು’ ಎಂದು ಬೇಕೆಂದೇ ಹೇಳಿದೆ. ಕ್ಯಾಪ್ ಎಂದರೆ ಕೈಯಿಂದ ಹೋಗುವ ನಗದಲ್ಲ, ಖಾತೆಯಲ್ಲಿ ತೋರಿಸುವ ಅಂಕಿ. ಒಬ್ಬನಿಗೆ ಸಹಿ ಹಾಕುವ ದಿನವೇ 2 ಕೋಟಿ ಬೋನಸ್ ಕೊಟ್ಟಿರಿ ಅನ್ನಿ. ಅದನ್ನು ಐದು ವರ್ಷಕ್ಕೆ ಹಂಚಿ, ವರ್ಷಕ್ಕೆ 40 ಲಕ್ಷದಂತೆ ಬರೆಯಲು ಲೀಗ್ ಬಿಡುತ್ತದೆ. ಎರಡು ವರ್ಷದ ನಂತರ ಅವನನ್ನು ಕೈಬಿಟ್ಟರೆ ಉಳಿದ 1.2 ಕೋಟಿ ನಿಮ್ಮ ಖಾತೆಗೇ ಬಂದು ಬೀಳುತ್ತದೆ. ಆಟಗಾರ ಇಲ್ಲ, ಅವನ ಹೆಸರಿನ ಸಾಲ ಇದೆ. ಇದಕ್ಕೆ ಡೆಡ್ ಮನಿ ಎನ್ನುತ್ತಾರೆ. ಬೇರೆಯವರು ವೀಕೆಂಡಿನಲ್ಲಿ ಆಟ ನೋಡಿದರೆ ನಾನು ಈ ಕೋಷ್ಟಕ ನೋಡುತ್ತೇನೆ. ಮನೆಯವರ ಪ್ರಕಾರ ಇದೊಂದು ಕಾಯಿಲೆ.

ಇನ್ನು ಟ್ಯಾಗ್. ಕರಾರು ಮುಗಿದ ಒಬ್ಬನೇ ಒಬ್ಬನನ್ನು ಇನ್ನೊಂದು ವರ್ಷ ಕಟ್ಟಿಹಾಕುವ ಹಕ್ಕು ಪ್ರತಿ ತಂಡಕ್ಕೂ ಇದೆ. ಸಂಬಳ ತಂಡದ ಮರ್ಜಿಯಂತಲ್ಲ. ಆ ಸ್ಥಾನದಲ್ಲಿ ಅತಿ ಹೆಚ್ಚು ಪಡೆಯುವ ಐವರ ಸಂಬಳದ ಸರಾಸರಿಯನ್ನು ಆಧರಿಸಿದ ಮೊತ್ತ, ಅಥವಾ ಅವನದೇ ಹಿಂದಿನ ವರ್ಷದ ಸಂಬಳದ ಶೇ 120, ಯಾವುದು ಹೆಚ್ಚೋ ಅದು. ಸಾಮಾನ್ಯವಾಗಿ ಬಳಸುವ ಬಗೆಯಲ್ಲಿ ಬೇರೆ ತಂಡ ಅವನ ಮುಂದೆ ಕರಾರು ಇಡಬಹುದು. ಆದರೆ ಹಳೆಯ ತಂಡ ಅಷ್ಟನ್ನೇ ಕೊಟ್ಟು ಉಳಿಸಿಕೊಳ್ಳಬಹುದು, ಬಿಟ್ಟರೆ ಎರಡು ಮೊದಲ ಸುತ್ತಿನ ಡ್ರಾಫ್ಟ್ ಆಯ್ಕೆಗಳು (ಕಾಲೇಜಿನಿಂದ ಬರುವ ಹೊಸಬರನ್ನು ಸರದಿಯಂತೆ ಆರಿಸುವ ಹಕ್ಕು) ಅದಕ್ಕೆ ಸಿಗುತ್ತವೆ. ಐಪಿಎಲ್ ಹರಾಜಿನ ರೈಟ್ ಟು ಮ್ಯಾಚ್ ಕಾರ್ಡ್ ನೆನಪಾಯಿತೆ? ಅದರ ದುಬಾರಿ ಅಣ್ಣ ಇದು.

ಗಮನಿಸಿ, ವರ್ಷಕ್ಕೆ ಒಂದೇ ಟ್ಯಾಗ್.

ಈಗ 2023ರ ಮಾರ್ಚ್ 7ಕ್ಕೆ ಬನ್ನಿ. ಟ್ಯಾಗ್ ಹಾಕಲು ಗಡುವು ಸಂಜೆ ನಾಲ್ಕು ಗಂಟೆ. ಹಿಂದಿನ ಸೀಸನ್ನಿನಲ್ಲಿ ಜೈಂಟ್ಸ್ ಯಾರೂ ಎಣಿಸದಂತೆ ಪ್ಲೇಆಫ್ ತಲುಪಿ ಮಿನೆಸೋಟವನ್ನು ಅದರ ಮನೆಯಲ್ಲೇ ಸೋಲಿಸಿತ್ತು. ಬಾರ್ಕ್ಲಿ 1,312 ಯಾರ್ಡ್ ಓಡಿದ್ದ. ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಡೇನಿಯಲ್ ಜೋನ್ಸ್ ವೃತ್ತಿಜೀವನದ ಅತ್ಯುತ್ತಮ ಆಟ ಆಡಿದ್ದ. ಇಬ್ಬರ ಕರಾರೂ ಒಟ್ಟಿಗೆ ಮುಗಿದಿತ್ತು. ಬಾಗಿಲು ಎರಡು, ಬೀಗ ಒಂದು.

ಜೋನ್ಸ್ ಜೊತೆ ಕರಾರು ಕುದುರದಿದ್ದರೆ ಟ್ಯಾಗ್ ಅವನಿಗೆ ಹೋಗುತ್ತಿತ್ತು, 3.24 ಕೋಟಿಗೆ, ಮತ್ತು ಬಾರ್ಕ್ಲಿ ಆವತ್ತೇ ಬಿಡುಗಡೆಯಾಗುತ್ತಿದ್ದ. ಗಡುವಿಗೆ ಕೆಲವೇ ನಿಮಿಷ ಇರುವಾಗ ಜೋನ್ಸ್ ಒಪ್ಪಿದ: ನಾಲ್ಕು ವರ್ಷ, 16 ಕೋಟಿ ಡಾಲರ್. ಆ ಕೂಡಲೇ ಬೀಗ ಬಾರ್ಕ್ಲಿಯ ಬಾಗಿಲಿಗೆ ಬಿತ್ತು, 1 ಕೋಟಿ 91 ಸಾವಿರ ಡಾಲರಿಗೆ. ಆ ಸಂಜೆ ಊರೆಲ್ಲ ಇದನ್ನು ಜಾಣ್ಮೆ ಎಂದು ಹೊಗಳಿತು. ಹೊಗಳಿದವರಲ್ಲಿ ನಾನೂ ಇದ್ದೆ, ಇಲ್ಲವೆನ್ನುವುದಿಲ್ಲ.

ತಪ್ಪು ಆ ಸಂಜೆ ಆದದ್ದಲ್ಲ. ಅದಕ್ಕೆ ಹತ್ತು ತಿಂಗಳ ಹಿಂದೆ, 2022ರ ವಸಂತದಲ್ಲಿ, ಆಗಷ್ಟೇ ಬಂದಿದ್ದ ಜನರಲ್ ಮ್ಯಾನೇಜರ್ ಜೋ ಶೇನ್ ಅವರ ಮುಂದೆ ಜೋನ್ಸ್‌ನ ಐದನೇ ವರ್ಷದ ಆಯ್ಕೆ ಇತ್ತು. ಮೊದಲ ಸುತ್ತಿನಲ್ಲಿ ಆರಿಸಿದ ಆಟಗಾರನನ್ನು ನಾಲ್ಕು ವರ್ಷದ ಮೇಲೆ ಇನ್ನೊಂದು ವರ್ಷ ನಿಗದಿತ ಮೊತ್ತಕ್ಕೆ ಉಳಿಸಿಕೊಳ್ಳುವ ಸೌಲಭ್ಯ ಅದು. ಜೋನ್ಸ್‌ಗೆ ಸುಮಾರು 2.24 ಕೋಟಿ ಆಗುತ್ತಿತ್ತು. ಶೇನ್ ಬೇಡವೆಂದರು. ಜೋನ್ಸ್ ಆವರೆಗೆ ಆಡಿದ್ದನ್ನು ನೋಡಿದ ಯಾರೇ ಆದರೂ ಬೇಡವೆನ್ನುತ್ತಿದ್ದರು. ಆದರೆ ಆಯ್ಕೆ ಕೈಯಲ್ಲಿದ್ದಿದ್ದರೆ 2023ರ ಮಾರ್ಚ್‌ನಲ್ಲಿ ಜೋನ್ಸ್ ವಿಷಯಕ್ಕೆ ಅವಸರವೇ ಇರುತ್ತಿರಲಿಲ್ಲ. ಬಾರ್ಕ್ಲಿಯ ಜೊತೆ ಕೂತು ನಿಧಾನವಾಗಿ ಮಾತಾಡಬಹುದಿತ್ತು. ಒಬ್ಬನ ವಿಷಯದಲ್ಲಿ ಉಳಿಸಿದ ದುಡ್ಡು ಇನ್ನೊಬ್ಬನ ಬಾಗಿಲಲ್ಲಿ ಬಾಕಿಯಾಗಿ ನಿಂತಿತು.

ನೀವು ಕೇಳಬಹುದು, ಟ್ಯಾಗ್ ಹಾಕಿದ ಮೇಲೆ ಜುಲೈವರೆಗೆ ಸಮಯವಿತ್ತಲ್ಲ, ದೀರ್ಘ ಕರಾರು ಯಾಕೆ ಆಗಲಿಲ್ಲ? ಇಲ್ಲಿ ರನ್ನಿಂಗ್ ಬ್ಯಾಕ್‌ಗಳ ಹಣೆಬರಹ ಹೇಳಬೇಕು. 2017ರಲ್ಲಿ ಅವರ ಟ್ಯಾಗ್ ಮೊತ್ತ 1.21 ಕೋಟಿ, ಆಗ ಕ್ಯಾಪ್ 16.7 ಕೋಟಿ. 2023ಕ್ಕೆ ಕ್ಯಾಪ್ 22.48 ಕೋಟಿಗೆ ಏರಿತು, ಟ್ಯಾಗ್ ಮೊತ್ತ 1.01 ಕೋಟಿಗೆ ಇಳಿಯಿತು. ಊರಿನಲ್ಲಿ ಎಲ್ಲರ ಬಾಡಿಗೆ ಏರುವಾಗ ಒಬ್ಬರ ಮನೆ ಬಾಡಿಗೆ ಮಾತ್ರ ಇಳಿದ ಹಾಗೆ. ಪ್ರತಿ ಆಟದಲ್ಲಿ ಇಪ್ಪತ್ತು ಸಲ ದೈತ್ಯರಿಗೆ ಡಿಕ್ಕಿ ಹೊಡೆಯುವ ಕೆಲಸ. ಇಪ್ಪತ್ತೇಳಕ್ಕೆಲ್ಲ ಮೊಣಕಾಲು ಮಾತಾಡತೊಡಗುತ್ತದೆ. ಬಾರ್ಕ್ಲಿಯ ಮೊಣಕಾಲು 2020ರ ಎರಡನೇ ಪಂದ್ಯದಲ್ಲೇ, ಶಿಕಾಗೋದಲ್ಲಿ, ಲಿಗಮೆಂಟ್ ಹರಿದು ಮಾತಾಡಿತ್ತು. ಡ್ರಾಫ್ಟಿನಿಂದ ಬಂದ ಹೊಸ ಹುಡುಗ ಹತ್ತನೇ ಒಂದು ಪಾಲಿನ ಸಂಬಳಕ್ಕೆ ಮುಕ್ಕಾಲು ಕೆಲಸ ಮಾಡುತ್ತಾನೆ ಎಂಬುದು ಎಲ್ಲ ಆಫೀಸುಗಳ ಲೆಕ್ಕ. ಆ ವರ್ಷ ಟ್ಯಾಗ್ ಬಿದ್ದ ಮೂವರು ರನ್ನಿಂಗ್ ಬ್ಯಾಕ್‌ಗಳಾದ ಬಾರ್ಕ್ಲಿ, ಜಾಶ್ ಜೇಕಬ್ಸ್, ಟೋನಿ ಪೊಲಾರ್ಡ್, ಇವರಲ್ಲಿ ಒಬ್ಬನಿಗೂ ಜುಲೈ 17ರ ಗಡುವಿನೊಳಗೆ ದೀರ್ಘ ಕರಾರು ಸಿಗಲಿಲ್ಲ. ಅದೇ ವಾರ ಆಸ್ಟಿನ್ ಎಕ್ಲರ್ ಕರೆದ ವಿಡಿಯೊ ಮೀಟಿಂಗಿನಲ್ಲಿ ಲೀಗಿನ ಹೆಸರಾಂತ ರನ್ನಿಂಗ್ ಬ್ಯಾಕ್‌ಗಳೆಲ್ಲ ಕೂತು ಕಷ್ಟ ಸುಖ ಹೇಳಿಕೊಂಡರು. ಪರಿಹಾರವೇನೂ ಸಿಗಲಿಲ್ಲ. ಟ್ಯಾಗ್ ವಿರೋಧಿಸಿ ಇಡೀ 2018ರ ಸೀಸನ್ ಮನೆಯಲ್ಲಿ ಕೂತ ಪಿಟ್ಸ್‌ಬರ್ಗ್‌ನ ಲೆವಿಯಾನ್ ಬೆಲ್ 1.45 ಕೋಟಿ ಕಳೆದುಕೊಂಡದ್ದು ಎಲ್ಲರಿಗೂ ನೆನಪಿತ್ತು. ಕೊನೆಗೆ ಬಾರ್ಕ್ಲಿ ಟ್ಯಾಗ್ ಮೊತ್ತದ ಮೇಲೆ ಒಂದಿಷ್ಟು ಪ್ರೋತ್ಸಾಹಧನ ಸೇರಿಸಿ, ಗರಿಷ್ಠ 1.1 ಕೋಟಿಯ ಒಂದು ವರ್ಷದ ಕರಾರಿಗೆ ಸಹಿ ಹಾಕಿ ಮೈದಾನಕ್ಕೆ ಬಂದ.

ಇಲ್ಲಿ ನಾನು ಒಂದು ಅಂಕಿಯನ್ನು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದು ನೋಡಿ ಎನ್ನುತ್ತೇನೆ. 2022ರ ನವೆಂಬರ್‌ನಲ್ಲಿ, ಸೀಸನ್ ನಡುವಿನ ವಿರಾಮದ ವಾರ, ಜೈಂಟ್ಸ್ ಅವನ ಮುಂದೆ ಇಟ್ಟಿತ್ತೆಂದು ಪತ್ರಿಕೆಗಳಲ್ಲಿ ಬಂದ ಮೊತ್ತ ವರ್ಷಕ್ಕೆ ಸುಮಾರು 1.25 ಕೋಟಿ. 2024ರ ಮಾರ್ಚ್‌ನಲ್ಲಿ ಈಗಲ್ಸ್ ಕೊಟ್ಟದ್ದು ಮೂರು ವರ್ಷಕ್ಕೆ 3.775 ಕೋಟಿ. ಭಾಗಿಸಿ ನೋಡಿ: ವರ್ಷಕ್ಕೆ 1.258 ಕೋಟಿ. ಹೆಚ್ಚುಕಡಿಮೆ ಅದೇ ದುಡ್ಡು!

ಹಾಗಾದರೆ ವ್ಯತ್ಯಾಸ ಎಲ್ಲಿ? ಗ್ಯಾರಂಟಿಯಲ್ಲಿ. ಎನ್‌ಎಫ್‌ಎಲ್ ಕರಾರಿನ ಒಟ್ಟು ಮೊತ್ತ ಬಹುಪಾಲು ಬಾಯಿ ಮಾತು. ತಂಡ ಯಾವಾಗ ಬೇಕಾದರೂ ಕೈಬಿಡಬಹುದು, ಗ್ಯಾರಂಟಿ ಎಂದು ಬರೆದ ಭಾಗ ಮಾತ್ರ ಖಾತ್ರಿ. ಈಗಲ್ಸ್‌ನ 3.775 ಕೋಟಿಯಲ್ಲಿ 2.6 ಕೋಟಿ ಗ್ಯಾರಂಟಿ. ಜೈಂಟ್ಸ್ ಜೊತೆ ಮಾತು ಮುರಿದದ್ದು ಈ ಗ್ಯಾರಂಟಿಯ ವಿಷಯದಲ್ಲೇ. ಹಾಗಾಗಿ ‘ದುಡ್ಡಿನ ಆಸೆಗೆ ಹೋದ’ ಎಂದು ಯಾರಾದರೂ ನಿಮ್ಮ ಮಗನಿಗೆ ಹೇಳಿದರೆ ಅದನ್ನು ಅರ್ಧ ಮಾತ್ರ ನಂಬಲು ಹೇಳಿ. ಅವನು ಹೋದದ್ದು ಕಾಲು ಮುರಿದರೂ ಕೈಗೆ ಬರುವ ದುಡ್ಡಿಗೆ.

2024ರಲ್ಲಿ ಎರಡನೇ ಸಲ ಟ್ಯಾಗ್ ಹಾಕಬಹುದಿತ್ತು, ಶೇ 120ರ ಲೆಕ್ಕದಲ್ಲಿ 1.21 ಕೋಟಿಗೆ. ಹಾಕಲಿಲ್ಲ. ಮಾರುಕಟ್ಟೆಯಲ್ಲಿ ಬೆಲೆ ಕೇಳಿಕೊಂಡು ಬರಲಿ ಎಂದು ಬಿಟ್ಟರು. ಈ ಮಾತುಕತೆಯೆಲ್ಲ ಒಂದು ಟಿವಿ ಸಾಕ್ಷ್ಯಚಿತ್ರ ಸರಣಿಯ ಕ್ಯಾಮೆರಾ ಮುಂದೆಯೇ ನಡೆಯಿತು ಎಂಬುದು ಜೈಂಟ್ಸ್ ದುರದೃಷ್ಟ. ಆ ಬೇಸಿಗೆಯಲ್ಲಿ ಇಡೀ ದೇಶ ಅದನ್ನು ನೋಡಿತು: ಮಾಲೀಕ ಜಾನ್ ಮಾರಾ ಅವರು ಶೇನ್ ಎದುರು ಕೂತು, ಸೇಕ್ವಾನ್ ಫಿಲಡೆಲ್ಫಿಯಾಕ್ಕೆ ಹೋದರೆ ತಮಗೆ ನಿದ್ದೆ ಬರುವುದು ಕಷ್ಟ ಎನ್ನುತ್ತಾರೆ. ಗದರುವುದಿಲ್ಲ, ತಡೆಯುವುದಿಲ್ಲ. ಮಗಳ ಮದುವೆಗೆ ಒಪ್ಪದ ಅಪ್ಪ ಪತ್ರಿಕೆ ಓದುತ್ತ ಕೂತ ಹಾಗೆ. ನನಗೆ ಆ ದೃಶ್ಯ ಪಂದ್ಯಗಳಿಗಿಂತ ಹೆಚ್ಚು ನೆನಪಿದೆ.

ಮಾರ್ಚ್ 11ರಂದು ಮಾತುಕತೆಯ ಕಿಂಡಿ ತೆರೆಯಿತು. ಅದೇ ದಿನ ಬಾರ್ಕ್ಲಿ ಈಗಲ್ಸ್ ಪಾಲಾದ. ಅದೇ ದಿನ ರಕ್ಷಣೆಯ ಹಿಂಬದಿ ಕಾಯುವ ಸೇಫ್ಟಿ ಸ್ಥಾನದ ಜೇವಿಯರ್ ಮೆಕಿನ್ನಿ ನಾಲ್ಕು ವರ್ಷಕ್ಕೆ 6.7 ಕೋಟಿಯ ಆಸುಪಾಸಿಗೆ ಗ್ರೀನ್ ಬೇಗೆ ಹೋದ. ಅದೇ ದಿನ ಜೈಂಟ್ಸ್ ಕ್ಯಾರೊಲೈನಾದಿಂದ ಬ್ರಯಾನ್ ಬರ್ನ್ಸ್‌ನನ್ನು ಡ್ರಾಫ್ಟ್ ಆಯ್ಕೆಗಳನ್ನು ಕೊಟ್ಟು ತಂದು, ಐದು ವರ್ಷಕ್ಕೆ 14.1 ಕೋಟಿಯ ಕರಾರು ಕೊಟ್ಟಿತು. ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಬೆನ್ನಟ್ಟಿ ಕೆಡವುವವನ ಬೆಲೆ ಚೆಂಡು ಹಿಡಿದು ಓಡುವವನ ಬೆಲೆಗಿಂತ ಎರಡು ಪಟ್ಟಿಗೂ ಹೆಚ್ಚು ಎಂಬುದು ಮಾರುಕಟ್ಟೆಯ ನ್ಯಾಯ. ಪುಸ್ತಕದ ಪ್ರಕಾರ ಶೇನ್ ತಪ್ಪು ಮಾಡಲಿಲ್ಲ. ಮೆಕಿನ್ನಿ ಹೋದದ್ದಕ್ಕೆ ಪರಿಹಾರವೂ ಸಿಕ್ಕಿತು: ಕಳೆದುಕೊಂಡ ಫ್ರೀ ಏಜೆಂಟರ ಬದಲಿಗೆ ಲೀಗ್ ಮರುವರ್ಷ ಹೆಚ್ಚುವರಿ ಡ್ರಾಫ್ಟ್ ಆಯ್ಕೆ ಕೊಡುತ್ತದೆ. ಜೈಂಟ್ಸ್‌ಗೆ ಬಂದ ಮೂರನೇ ಸುತ್ತಿನ 99ನೇ ಆಯ್ಕೆಯನ್ನೂ ಸೇರಿಸಿ ಕೊಟ್ಟು 2025ರಲ್ಲಿ ಮೊದಲ ಸುತ್ತಿಗೆ ಜಿಗಿದು ಕ್ವಾರ್ಟರ್‌ಬ್ಯಾಕ್ ಜಾಕ್ಸನ್ ಡಾರ್ಟ್‌ನನ್ನು ಆರಿಸಿಕೊಂಡಿತು. ಮೆಕಿನ್ನಿಯಂತೂ ಗ್ರೀನ್ ಬೇಯಲ್ಲಿ ಮೊದಲ ವರ್ಷವೇ ಎಂಟು ಪಾಸ್ ಕಸಿದ.

ಪುಸ್ತಕ ಬದಿಗಿರಲಿ, ಮೈದಾನದಲ್ಲಿ ಏನಾಯಿತೆಂದು ನಿಮಗೇ ಗೊತ್ತು. 2024ರ ಅಕ್ಟೋಬರ್ 20ರಂದು ಬಾರ್ಕ್ಲಿ ಹಸಿರು ಜೆರ್ಸಿಯಲ್ಲಿ, ಜೈಂಟ್ಸ್ ಮೈದಾನವಿರುವ ಈಸ್ಟ್ ರದರ್‌ಫರ್ಡ್‌ಗೆ ವಾಪಸು ಬಂದ. ಊರಿನವರು ಬೂ ಎಂದರು. ಹದಿನೇಳು ಸಲ ಚೆಂಡು ಹಿಡಿದು 176 ಯಾರ್ಡ್ ಓಡಿದ, ಈಗಲ್ಸ್ 28-3ರಿಂದ ಗೆದ್ದಿತು. ನವೆಂಬರ್ 3ರಂದು ಜ್ಯಾಕ್ಸನ್‌ವಿಲ್ ಎದುರು ಆ ಪ್ರಸಿದ್ಧ ಜಿಗಿತ. ಅದನ್ನು ನಾನು ಎಷ್ಟು ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೋ. ಪಾಸ್ ಹಿಡಿಯುತ್ತಾನೆ, ಒಬ್ಬನನ್ನು ತಪ್ಪಿಸುತ್ತಾನೆ, ಇನ್ನೊಬ್ಬನಿಂದ ಬುಗುರಿಯಂತೆ ತಿರುಗಿ ಬಿಡಿಸಿಕೊಳ್ಳುತ್ತಾನೆ. ತಿರುಗಿದ ರಭಸಕ್ಕೆ ಬೆನ್ನು ಮುಂದಾಗಿದೆ. ಆ ಹೊತ್ತಿಗೆ ಮೂರನೆಯವನು ಕಾಲಿಗೆ ನುಗ್ಗುತ್ತಿದ್ದಾನೆ, ಅವನು ಬಾರ್ಕ್ಲಿಯ ಕಣ್ಣಿಗೆ ಬೀಳುವಂತೆಯೇ ಇಲ್ಲ. ಬೆನ್ನು ಮಾಡಿಕೊಂಡೇ ಮೇಲಕ್ಕೆ ಜಿಗಿದು ಅವನ ತಲೆಯ ಮೇಲಿಂದ ದಾಟಿ, ಆಚೆ ಕಾಲೂರಿ ನಿಲ್ಲುತ್ತಾನೆ. ಪಕ್ಕದಲ್ಲಿದ್ದ ಅವನ ಕೋಚ್ ಕೂಡ ಬೆಪ್ಪಾಗಿದ್ದರು.

ಸೀಸನ್ ಮುಗಿದಾಗ 2,005 ಯಾರ್ಡ್. ಪ್ಲೇಆಫ್ ಸೇರಿಸಿದರೆ 2,504, ಲೀಗಿನ ಇತಿಹಾಸದಲ್ಲೇ ಹೆಚ್ಚು. ಎರಿಕ್ ಡಿಕರ್ಸನ್ 1984ರಲ್ಲಿ ಸ್ಥಾಪಿಸಿದ 2,105ರ ದಾಖಲೆ ಮುರಿಯಲು 101 ಬೇಕಿತ್ತು, ಕೊನೆಯ ಪಂದ್ಯ ಜೈಂಟ್ಸ್ ಮೇಲೆಯೇ. ಈಗಲ್ಸ್ ಅವನಿಗೆ ವಿಶ್ರಾಂತಿ ಕೊಟ್ಟಿತು, ಆ ಒಂದು ಅವಮಾನ ತಪ್ಪಿತು. 2025ರ ಫೆಬ್ರವರಿ 9ರಂದು, ಅವನ ಇಪ್ಪತ್ತೆಂಟನೇ ಹುಟ್ಟುಹಬ್ಬದ ದಿನ, ಕಾನ್ಸಾಸ್ ಸಿಟಿಯನ್ನು 40-22ರಿಂದ ಸೋಲಿಸಿ ಕಪ್ ಎತ್ತಿದ. ಜೈಂಟ್ಸ್ ಆ ಸೀಸನ್ನಿನಲ್ಲಿ ಮೂರು ಗೆದ್ದು ಹದಿನಾಲ್ಕು ಸೋತಿತು. ಯಾರಿಗಾಗಿ ಮೊದಲು ಚೆಕ್ ಬರೆಯಿತೋ ಆ ಜೋನ್ಸ್‌ನನ್ನು ನವೆಂಬರ್‌ನಲ್ಲೇ ಬಿಡುಗಡೆ ಮಾಡಿತು. ಅವನ ಹೆಸರಿನ ಡೆಡ್ ಮನಿ 2025ರ ಖಾತೆಯಲ್ಲಿ ಸುಮಾರು 2.2 ಕೋಟಿ. ಐದನೇ ವರ್ಷದ ಆಯ್ಕೆ ಬೇಡವೆಂದು ಉಳಿಸಿದ್ದ ಮೊತ್ತಕ್ಕೆ ಹೆಚ್ಚುಕಡಿಮೆ ಸಮ. ವಿಧಿಗೂ ಅಕೌಂಟೆನ್ಸಿ ಗೊತ್ತಿರುವ ಹಾಗಿದೆ.

ಆದರೆ ನ್ಯಾಯವಾಗಿ ಇದನ್ನೂ ಹೇಳಬೇಕು. ಜೈಂಟ್ಸ್‌ನಲ್ಲೇ ಇದ್ದಿದ್ದರೆ ಅವನು 2,000 ದಾಟುತ್ತಿರಲಿಲ್ಲ. 2023ರಲ್ಲಿ ಇಲ್ಲಿ ಒಂದು ಓಟಕ್ಕೆ ಸರಾಸರಿ 3.9 ಯಾರ್ಡ್, ಮರುವರ್ಷ ಅಲ್ಲಿ 5.8. ಕಾಲು ಅದೇ. ಮುಂದೆ ದಾರಿ ಬಿಡಿಸುವ ಐವರು ಬೇರೆ. ಜೋರ್ಡನ್ ಮೈಲಾಟಾ, ಲೇನ್ ಜಾನ್ಸನ್‌ರಂಥವರ ಹಿಂದೆ ಓಡುವುದೆಂದರೆ ಜೆಸಿಬಿ ಹಿಂದೆ ಸೈಕಲ್ ತುಳಿದ ಹಾಗೆ. ಜೈಂಟ್ಸ್ ಐದನೇ ಸುತ್ತಿನಲ್ಲಿ ಆರಿಸಿದ ಟೈರೋನ್ ಟ್ರೇಸಿ ಅದೇ ವರ್ಷ ಕಾಸಿನ ಸಂಬಳಕ್ಕೆ 839 ಯಾರ್ಡ್ ಓಡಿದ. ಬೆಂಗಳೂರಿನವರಿಗೆ ಇದು ಹೊಸ ನೋವಲ್ಲ. 2022ರ ಹರಾಜಿಗೆ ಮುನ್ನ ಆರ್‌ಸಿಬಿ ಬಿಟ್ಟ ಚಾಹಲ್, ರಾಜಸ್ಥಾನಕ್ಕೆ ಹೋಗಿ ಆ ವರ್ಷವೇ 27 ವಿಕೆಟ್ ಕಿತ್ತು ಪರ್ಪಲ್ ಕ್ಯಾಪ್ ತೊಟ್ಟದ್ದನ್ನು ನೋಡಿದವರಲ್ಲವೇ ನಾವು?

ನನ್ನ ಅಭಿಪ್ರಾಯ ಕೇಳಿದರೆ, ಜೈಂಟ್ಸ್ ಎಡವಿದ್ದು 2024ರಲ್ಲಿ ಬಿಟ್ಟುಕೊಟ್ಟು ಅಲ್ಲ. ಕರಾರು ಮುಗಿಯುವ ತನಕ ಕಾದು. ತಾರೆಯನ್ನು ಉಳಿಸಿಕೊಳ್ಳುವ ಕೆಲಸ ಅವನು ಫ್ರೀ ಏಜೆಂಟ್ ಆಗುವ ಮೊದಲೇ ಮುಗಿದಿರಬೇಕು. ಸಂತೆಗೆ ಹೋದ ಎತ್ತಿಗೆ ನಿಮ್ಮ ಬೆಲೆ ನಡೆಯುವುದಿಲ್ಲ. ಈಗಲ್ಸ್‌ನ ಜನರಲ್ ಮ್ಯಾನೇಜರ್ ಹೋವಿ ರೋಸ್‌ಮನ್ ಮಾಡುವುದು ಇಷ್ಟೇ. ಜೇಲನ್ ಹರ್ಟ್ಸ್, ಡಿವಾಂಟಾ ಸ್ಮಿತ್, ಲ್ಯಾಂಡನ್ ಡಿಕರ್ಸನ್, ತಮ್ಮ ಇಂಥ ಆಟಗಾರರೆಲ್ಲರಿಗೂ ಕರಾರು ಬಾಕಿ ಇರುವಾಗಲೇ ಹೊಸದನ್ನು ಕೊಟ್ಟು, ಬೋನಸನ್ನು ಮುಂದಿನ ವರ್ಷಗಳಿಗೆ ಹಂಚಿ ಬರೆಯುತ್ತಾರೆ. ಬಾರ್ಕ್ಲಿಯ ಮೊದಲ ವರ್ಷ ಅವರ ಕ್ಯಾಪ್ ಖಾತೆಗೆ ಬಿದ್ದದ್ದು 40 ಲಕ್ಷಕ್ಕೂ ಕಡಿಮೆ. ಕಪ್ ಗೆದ್ದ ಮರು ತಿಂಗಳೇ, ಇನ್ನೂ ಎರಡು ವರ್ಷ ಕರಾರು ಇರುವಾಗ, ಮತ್ತೆರಡು ವರ್ಷಕ್ಕೆ 4.12 ಕೋಟಿ ಕೊಟ್ಟರು. ವರ್ಷಕ್ಕೆ 2 ಕೋಟಿ ದಾಟಿದ ಮೊದಲ ರನ್ನಿಂಗ್ ಬ್ಯಾಕ್ ಆದ. ಈ ದಾರಿಯಲ್ಲೂ ಗುಂಡಿ ಇದೆ, ಮುಂದೂಡಿದ ಸಾಲ ಒಂದು ದಿನ ಬಾಗಿಲು ತಟ್ಟುತ್ತದೆ. ಆದರೆ ಕ್ಯಾಪ್ ವರ್ಷ ವರ್ಷ ಏರುವಾಗ ಇವತ್ತಿನ ಸಾಲ ನಾಳೆಗೆ ಹಗುರ. ನಮ್ಮ ಅಜ್ಜಂದಿರ ಕಾಲದ ಸೈಟಿನ ಕಂತಿನ ಹಾಗೆ.

ಜೈಂಟ್ಸ್‌ಗೆ ಇದು ಗೊತ್ತಿಲ್ಲವೆಂದಲ್ಲ. ಬಾರ್ಕ್ಲಿ ಒಂದು ವರ್ಷದ ಕರಾರಿಗೆ ಒಲ್ಲದ ಮನಸ್ಸಿನಿಂದ ಸಹಿ ಹಾಕಿದ ಅದೇ ವಾರ, ದಾರಿ ಬಿಡಿಸುವ ಐವರಲ್ಲಿ ಒಬ್ಬನಾದ ಎಡ ಟ್ಯಾಕಲ್ ಆ್ಯಂಡ್ರೂ ಥಾಮಸ್‌ಗೆ ಐದು ವರ್ಷದ 11.75 ಕೋಟಿಯ ಕರಾರು ಕೊಟ್ಟಿತು. ಅವನ ಹಳೆಯ ಕರಾರು ಆಗ ಇನ್ನೂ ಮುಗಿದಿರಲಿಲ್ಲ. ಆ ಮೇ ತಿಂಗಳಲ್ಲಿ ಡೆಕ್ಸ್‌ಟರ್ ಲಾರೆನ್ಸ್‌ಗೂ ಹಾಗೆಯೇ. ಅದೇ ಆಫೀಸು, ಅದೇ ಪೆನ್ನು.

ಇನ್ನು ಜೆರ್ಸಿ. ನಿಮ್ಮ ಮಗ ಕೇಳುತ್ತಿರುವುದು ಜೈಂಟ್ಸ್‌ನಲ್ಲಿ ಪಾಸ್ ಹಿಡಿಯುವ ಮಲೀಕ್ ನೇಬರ್ಸ್‌ನದು ಎಂದು ನನ್ನ ಊಹೆ, ನಂಬರ್ 1. ತಂಡದ ಹಳೆಯ ಆಟಗಾರ ರೇ ಫ್ಲಾಹರ್ಟಿಯ ಗೌರವಕ್ಕೆಂದು ದಶಕಗಳ ಕಾಲ ಯಾರಿಗೂ ಕೊಡದೆ ಎತ್ತಿಟ್ಟಿದ್ದ ನಂಬರು ಅದು, 2024ರಲ್ಲಿ ಆ ಕುಟುಂಬದ ಒಪ್ಪಿಗೆ ಪಡೆದು ಇವನಿಗೆ ಕೊಟ್ಟರು. 2024ರ ಡ್ರಾಫ್ಟಿನಲ್ಲಿ ಆರನೆಯವನು. ನಿಯಮದಂತೆ ಮೂರನೇ ಸೀಸನ್ ಮುಗಿಯುವ ತನಕ, ಅಂದರೆ 2027ರ ಜನವರಿಯವರೆಗೆ, ತಂಡ ಅವನ ಕರಾರು ವಿಸ್ತರಿಸುವಂತಿಲ್ಲ. ಅದೇ ವರ್ಷದ ಮೇ ಹೊತ್ತಿಗೆ ಐದನೇ ವರ್ಷದ ಆಯ್ಕೆಯನ್ನು ತೀರ್ಮಾನಿಸಬೇಕು. 2025ರ ಸೆಪ್ಟೆಂಬರ್‌ನಲ್ಲಿ ಮೊಣಕಾಲಿನ ಲಿಗಮೆಂಟ್ ಹರಿದುಕೊಂಡಿದ್ದಾನೆ, ಬಾರ್ಕ್ಲಿಗೆ ಆದದ್ದೇ. ಆ ಮೊಣಕಾಲಿಗೆ ಎಷ್ಟು ಗ್ಯಾರಂಟಿ ಬರೆಯುತ್ತಾರೆ ಎಂಬುದರ ಮೇಲೆ ಎಲ್ಲ ನಿಂತಿದೆ. ಹುಡುಗ ಬೆಳೆಯುವ ವಯಸ್ಸಿನವನು, ಒಂದು ಸೈಜು ದೊಡ್ಡದೇ ತೆಗೆದುಕೊಳ್ಳಿ. ಹಳೆಯ 26 ನಂಬರಿನದನ್ನು ಮಾತ್ರ ಬಿಸಾಡಬೇಡಿ. ಫಿಲಡೆಲ್ಫಿಯಾದಲ್ಲೂ ಅವನ ನಂಬರ್ 26ನೇ. ಬಣ್ಣ ಮಾತ್ರ ಬೇರೆ.